ಹೊಸ ಮನೆಗೆ ಟಿವಿ, ಬ್ರಾಡ್‌ಬ್ಯಾಂಡ್: ತಂತಿ ಮೊದಲು, ಪ್ಲ್ಯಾನ್ ಆಮೇಲೆ

ಹೊಸ ಮನೆಗೆ ಹೋದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ‘300 ಎಂಬಿಪಿಎಸ್ ಪ್ಲ್ಯಾನ್ ಹಾಕಿಸಿದ್ದೇವೆ, ಬೆಡ್‌ರೂಮಿನಲ್ಲಿ 20 ಕೂಡ ಬರಲ್ಲ.’ ‘ಟಿವಿ ಈ ಗೋಡೆಗೆ, ಕೇಬಲ್ ಬಂದಿರುವುದು ಆ ಗೋಡೆಗೆ.’ ‘ಪಕ್ಕದ ಮನೆಗೆ ಫೈಬರ್ ಇದೆ, ನಮಗೆ ಕೊಡಲ್ಲ ಅಂತಾರೆ.’ ಕಂಪನಿ ಬದಲಾಯಿಸಿದರೂ ಇವು ಹೋಗುವುದಿಲ್ಲ. ಯಾಕೆಂದರೆ ತಪ್ಪು ಆಗಿರುವುದು ಕೆಲಸದ ಕ್ರಮದಲ್ಲಿ. ಜನ ಮೊದಲು ಪ್ಲ್ಯಾನ್ ಆರಿಸುತ್ತಾರೆ, ಆಮೇಲೆ ರೂಟರ್‌ಗೆ ಜಾಗ ಹುಡುಕುತ್ತಾರೆ, ಕೊನೆಗೆ ತಂತಿ ಎಳೆಯಲು ಗೋಡೆ ಕೊರೆಯುತ್ತಾರೆ. ಇದನ್ನು ಪೂರ್ತಿ ತಿರುಗಿಸಿ ಮಾಡಬೇಕು.

ಕೈಯಲ್ಲಿ ಇರಬೇಕಾದ ಸಾಮಾನು

ಅಳತೆ ಟೇಪು, ಮನೆಯ ನಕ್ಷೆ (ಕೈಯಲ್ಲಿ ಗೀಚಿದ್ದಾದರೂ ಸಾಕು), ಟಾರ್ಚು, ಹೆಸರು ಬರೆದು ಅಂಟಿಸಲು ಲೇಬಲ್. ಲ್ಯಾನ್ ಪೋರ್ಟ್ (ಇಂಟರ್ನೆಟ್ ತಂತಿ ಚುಚ್ಚುವ ಕಿಂಡಿ) ಇರುವ ಲ್ಯಾಪ್‌ಟಾಪ್ ಮತ್ತು ಎರಡು ಮೀಟರ್‌ನ ಒಂದು ಕ್ಯಾಟ್ 6 ಕೇಬಲ್ (ಆ ಕಿಂಡಿಗೆ ಹಾಕುವ ಲ್ಯಾನ್ ತಂತಿಯ ಒಂದು ಬಗೆ) ಬೇಕೇ ಬೇಕು. ಇವೆರಡೂ ಇಲ್ಲದಿದ್ದರೆ ವೇಗ ಕಮ್ಮಿಯಾಗಿದ್ದು ಕಂಪನಿಯ ತಂತಿಯಲ್ಲೋ ನಿಮ್ಮ ವೈಫೈಯಲ್ಲೋ ಎಂದು ಹೇಳುವುದಕ್ಕೆ ಆಗುವುದಿಲ್ಲ. ಫೋನಿನಲ್ಲಿ ಒಂದು ಸ್ಪೀಡ್ ಟೆಸ್ಟ್ ಆ್ಯಪ್, ಸುತ್ತಲಿನ ವೈಫೈ ಯಾವ ಚಾನೆಲ್‌ನಲ್ಲಿದೆ ಎಂದು ತೋರಿಸುವ ಒಂದು ವೈಫೈ ಅನಲೈಸರ್ ಆ್ಯಪ್ ಇರಲಿ. ಮನೆ ಇನ್ನೂ ಕಟ್ಟುತ್ತಿದ್ದರೆ ಲ್ಯಾನ್ ಕೇಬಲ್ ಟೆಸ್ಟರ್ ಕೂಡ ಒಂದು ತಂದಿಡಿ.

ಹಂತ 1: ಮನೆಯ ಬಾಗಿಲ ತನಕ ಏನು ಬರುತ್ತದೆ, ಕಣ್ಣಾರೆ ನೋಡಿ

ಜಾಹೀರಾತಿನಲ್ಲಿ ಏನಿದೆ ಅನ್ನುವುದು ಬಿಡಿ. ಹೊರಗೆ ಹೋಗಿ ಕಂಬ, ಗೋಡೆ, ಮಹಡಿ ಮೆಟ್ಟಿಲ ಪಕ್ಕದ ಪೆಟ್ಟಿಗೆ ನೋಡಿ. ಮನೆಗೆ ಇಂಟರ್ನೆಟ್ ಬರುವ ದಾರಿ ಐದು.

ಫೈಬರ್: ತೆಳ್ಳಗಿನ ಕೇಬಲ್, ತುದಿಯಲ್ಲಿ ಸಾಮಾನ್ಯವಾಗಿ ಹಸಿರು ಅಥವಾ ನೀಲಿ ಪ್ಲಾಸ್ಟಿಕ್ ಪ್ಲಗ್. ಸಿಗುವುದಾದರೆ ಬೇರೆ ಯೋಚನೆಯೇ ಬೇಡ, ಇದನ್ನೇ ತೆಗೆದುಕೊಳ್ಳಿ. ಹೆಚ್ಚಿನ ಫೈಬರ್ ಜಾಲಗಳಲ್ಲಿ ಕಂಪನಿಯ ಕೇಂದ್ರಕ್ಕೂ ನಿಮ್ಮ ಮನೆಗೂ ನಡುವೆ ಕರೆಂಟ್ ಬೇಕಾದ ಉಪಕರಣ ಇರುವುದಿಲ್ಲ. ಹಾಗಾಗಿ ಬೀದಿಯಲ್ಲಿ ಕರೆಂಟ್ ಹೋದರೂ, ಮನೆಯಲ್ಲಿ ಬ್ಯಾಟರಿ ಇದ್ದರೆ ಇಂಟರ್ನೆಟ್ ಸಾಮಾನ್ಯವಾಗಿ ನಡೆಯುತ್ತದೆ.

ಕೋಆಕ್ಸಿಯಲ್ ಕೇಬಲ್: ಪೆನ್ಸಿಲ್‌ಗಿಂತ ಸ್ವಲ್ಪ ತೆಳ್ಳಗೆ, ಗುಂಡಗೆ, ನಡುವೆ ಒಂದೇ ತಾಮ್ರದ ಎಳೆ. ಟಿವಿ, ಇಂಟರ್ನೆಟ್ ಎರಡನ್ನೂ ಹೊರುತ್ತದೆ. ಡೌನ್‌ಲೋಡ್ ಚೆನ್ನಾಗಿರುತ್ತದೆ, ಅಪ್‌ಲೋಡ್ ಬಹಳ ಕಡೆ ತುಂಬಾ ಕಮ್ಮಿ. ಒಂದೇ ಸಾಲಿನ ಮನೆಗಳು ಹಂಚಿಕೊಳ್ಳುವುದರಿಂದ ರಾತ್ರಿ ಹೊತ್ತು ನಿಧಾನವಾಗಬಹುದು.

ಟೆಲಿಫೋನ್ ತಂತಿಯ ಡಿಎಸ್‌ಎಲ್: ಇಲ್ಲಿ ದೂರವೇ ಎಲ್ಲ. ಕಂಪನಿಯ ಪೆಟ್ಟಿಗೆಯಿಂದ ಒಂದು ಕಿಲೋಮೀಟರ್ ದಾಟುತ್ತಿದ್ದಂತೆ ವೇಗ ಬಹಳ ಇಳಿಯುತ್ತದೆ. ‘ಇಷ್ಟರ ತನಕ’ ಎಂದು ಹೇಳುವ ಅಂಕಿ ಪೆಟ್ಟಿಗೆಯ ಪಕ್ಕದಲ್ಲೇ ಇರುವ ಮನೆಗೆ ಸಿಗುವಂಥದ್ದು.

ಮೊಬೈಲ್ ಟವರ್‌ನಿಂದ ಬರುವ 4ಜಿ, 5ಜಿ ಬಾಕ್ಸ್: ಗೋಡೆ ಕೊರೆಯುವ ಗೋಜಿಲ್ಲ, ಬಾಡಿಗೆ ಮನೆಗೆ ಅನುಕೂಲ. ಆದರೆ ತೆಗೆದುಕೊಳ್ಳುವ ಮುಂಚೆ ಅದೇ ಕಂಪನಿಯ ಸಿಮ್ ಇರುವ ಫೋನ್ ಹಿಡಿದು, ಬಾಕ್ಸ್ ಇಡುವ ಕಿಟಕಿಯ ಹತ್ತಿರವೇ ನಿಂತು ಅಳೆಯಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಹೊತ್ತಿಗೆ ಇನ್ನೊಮ್ಮೆ. ರಾತ್ರಿಯ ಅಂಕಿಯೇ ನಿಮಗೆ ನಿಜವಾಗಿ ಸಿಗುವುದು.

ಉಪಗ್ರಹ: ಬೇರೇನೂ ಬರದ ಜಾಗಕ್ಕೆ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 35,786 ಕಿ.ಮೀ. ಎತ್ತರದಲ್ಲಿ. ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಜಾಸ್ತಿ ಹಿಡಿಯುತ್ತದೆ. ಸಿನಿಮಾ ನೋಡಬಹುದು, ವಿಡಿಯೊ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುವ ಪರಿಸ್ಥಿತಿ ಬರುತ್ತದೆ. ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಈ ತೊಂದರೆ ಇಲ್ಲ. ಆದರೆ ಮರ, ಕಟ್ಟಡ ಅಡ್ಡ ಇಲ್ಲದ ತೆರೆದ ಆಕಾಶ ಬೇಕು.

ಇಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು, ಪಕ್ಕದ ಮನೆಗೆ ಇದೆ ಎಂದರೆ ನಮಗೂ ಬರುತ್ತದೆ ಎಂದುಕೊಳ್ಳುವುದು. ಬೀದಿಯ ಫೈಬರ್ ಪೆಟ್ಟಿಗೆಯಲ್ಲಿ ಇಷ್ಟೇ ಪೋರ್ಟ್ ಎಂದು ಇರುತ್ತದೆ. ಎಲ್ಲ ತುಂಬಿದ್ದರೆ ಹೊಸ ಕನೆಕ್ಷನ್ ಇಲ್ಲ. ಎರಡನೆಯದು, ‘ಫೈಬರ್’ ಎಂಬ ಮಾತನ್ನೇ ನಂಬುವುದು. ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಫೈಬರ್ ನೆಲಮಹಡಿಯ ತನಕ ಮಾತ್ರ ಬಂದಿರುತ್ತದೆ, ಅಲ್ಲಿಂದ ನಿಮ್ಮ ಮನೆಗೆ ತಾಮ್ರದ ತಂತಿ. ‘ಫೈಬರ್ ನನ್ನ ಮನೆಯೊಳಗೇ ಬರುತ್ತದಾ? ಪೆಟ್ಟಿಗೆಯಲ್ಲಿ ಪೋರ್ಟ್ ಖಾಲಿ ಇದೆಯಾ?’ ಈ ಎರಡು ಪ್ರಶ್ನೆಗೆ ನಿಮ್ಮ ವಿಳಾಸ ಹೇಳಿ ಬರಹದಲ್ಲಿ ಉತ್ತರ ಪಡೆಯಿರಿ.

ಹಂತ 2: ಎಷ್ಟು ವೇಗ ಬೇಕು

ಲೆಕ್ಕ ಸುಲಭ. ಎಚ್‌ಡಿ ವಿಡಿಯೊಗೆ ಸುಮಾರು 5 ಎಂಬಿಪಿಎಸ್, 4ಕೆಗೆ 15ರಿಂದ 25, ವಿಡಿಯೊ ಕಾಲ್‌ಗೆ 3–4. ಒಂದೇ ಹೊತ್ತಿಗೆ ಎಷ್ಟು ನಡೆಯುತ್ತವೆ ಎಂದು ಕೂಡಿಸಿ, ಅರ್ಧದಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ. ಎರಡು 4ಕೆ ಟಿವಿ, ಎರಡು ಕಾಲ್ ಇದ್ದರೂ 100ರ ಒಳಗೆ ಆರಾಮವಾಗಿ ಮುಗಿಯುತ್ತದೆ. ಇದಕ್ಕಿಂತ ದೊಡ್ಡ ಅಂಕಿ ಹೆಚ್ಚಿನ ಮನೆಗಳಿಗೆ ಸುಮ್ನೆ ಸಮಾಧಾನಕ್ಕೆ, ಅಷ್ಟೇ.

ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು, ಎಂಟು ಬಿಟ್ ಸೇರಿದರೆ ಒಂದು ಬೈಟ್. ಆ ಅಂಕಿಯನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೆಗಾಬೈಟ್ ಇಳಿಯುತ್ತದೆ ಎಂದು ತಿಳಿಯುತ್ತದೆ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಮೋಸ ಹೋದೆವು ಎಂದು ಜಗಳಕ್ಕೆ ಹೋಗುವ ಮುಂಚೆ ಈ ಭಾಗಾಕಾರ ಮಾಡಿ. ಡೇಟಾ ಮಿತಿ ಇರುವ ಪ್ಲ್ಯಾನ್ ಆದರೆ ಇನ್ನೊಂದು ಲೆಕ್ಕವೂ ಬೇಕು: 25 ಎಂಬಿಪಿಎಸ್‌ನಲ್ಲಿ ಓಡುವ 4ಕೆ ವಿಡಿಯೊ ಗಂಟೆಗೆ ಸುಮಾರು 11 ಜಿಬಿ ನುಂಗುತ್ತದೆ. ಮನೆಯಿಂದ ಕೆಲಸ ಮಾಡುವವರು, ಹೊರಗಿನಿಂದ ಕ್ಯಾಮೆರಾ ನೋಡುವವರು ಅಪ್‌ಲೋಡ್ ಎಷ್ಟು ಎಂದು ಬೇರೆಯಾಗಿ ಕೇಳಿ. ಅದನ್ನು ಕಂಪನಿಯವರು ತಾವಾಗಿ ಹೇಳುವುದು ಅಪರೂಪ.

ಹಂತ 3: ಟಿವಿ ಯಾವ ದಾರಿಯಲ್ಲಿ ಬರಲಿ

ಇಂಟರ್ನೆಟ್‌ಗೆ ತಂತಿ ಯಾವುದು ಎಂದು ಗೊತ್ತಾದ ಮೇಲೆಯೇ ಟಿವಿ ವಿಷಯಕ್ಕೆ ಬನ್ನಿ. ಎರಡೂ ಒಂದೇ ತಂತಿಯಲ್ಲಿ ಬಂದರೆ ಬಿಲ್ ಒಂದೇ, ನಿಜ. ಆದರೆ ಆ ತಂತಿ ಕಡಿದ ದಿನ ಎರಡೂ ಇಲ್ಲ.

ಆಂಟೆನಾ, ಕೇಬಲ್, ಡಿಶ್: ಈ ಮೂರಕ್ಕೂ ಇಂಟರ್ನೆಟ್ ಬೇಕಿಲ್ಲ. ಕ್ರೀಡೆ, ಸುದ್ದಿ ನೇರವಾಗಿ ನೋಡುವವರಿಗೆ ಇವೇ ಒಳ್ಳೆಯದು. ಆ್ಯಪ್‌ನಲ್ಲಿ ಬರುವ ನೇರಪ್ರಸಾರ ಸಾಮಾನ್ಯವಾಗಿ ಹಿಂದೆ ಬೀಳುತ್ತದೆ, ಕೆಲವೊಮ್ಮೆ ಅರ್ಧ ನಿಮಿಷದಷ್ಟು. ಪಕ್ಕದ ಮನೆಯವರು ಕೂಗಿದ ಮೇಲೆ ನಿಮ್ಮ ಪರದೆಯಲ್ಲಿ ಗೋಲು ಬೀಳುತ್ತದೆ.

ಡಿಶ್ ಹಾಕುವುದಾದರೆ ಮೊದಲು ಆಕಾಶ ನೋಡಿ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಇರುತ್ತವೆ. ಉತ್ತರಾರ್ಧಗೋಳದಲ್ಲಿದ್ದರೆ ದಕ್ಷಿಣದ ಕಡೆಗೆ, ದಕ್ಷಿಣಾರ್ಧಗೋಳದಲ್ಲಿದ್ದರೆ ಉತ್ತರದ ಕಡೆಗೆ ಅಡ್ಡಿ ಇರಬಾರದು. ಇವತ್ತು ಗಿಡವಾಗಿರುವುದು ನಾಲ್ಕು ವರ್ಷದಲ್ಲಿ ಮರವಾಗುತ್ತದೆ ಎನ್ನುವುದೂ ನೆನಪಿರಲಿ. ಜೋರು ಮಳೆಗೆ ಚಿತ್ರ ಹೋಗುವುದು ಸಹಜ. ಸಣ್ಣ ತುಂತುರಿಗೇ ಹೋಗುತ್ತಿದ್ದರೆ ಡಿಶ್ ಸರಿಯಾದ ದಿಕ್ಕಿಗೆ ಕೂತಿಲ್ಲ, ಇಲ್ಲವೇ ಕನೆಕ್ಟರ್ ಒಳಗೆ ನೀರು ಸೇರಿದೆ.

ಎರಡು ಟಿವಿ ಇರುವ ಮನೆಗಳಲ್ಲಿ ಮಾಡುವ ಮಾಮೂಲಿ ತಪ್ಪು: ಡಿಶ್‌ನಿಂದ ಬಂದ ಒಂದು ಕೇಬಲ್‌ಗೆ ಸಾದಾ ಸ್ಪ್ಲಿಟರ್ (ಒಂದು ತಂತಿಯನ್ನು ಎರಡು ಕವಲು ಮಾಡುವ ತುಂಡು) ಹಾಕುವುದು. ಸೆಟ್‌ಟಾಪ್ ಬಾಕ್ಸ್ ತಂತಿಯ ಮೂಲಕ ಡಿಶ್‌ನ ಎಲ್‌ಎನ್‌ಬಿಗೆ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ) 13 ಅಥವಾ 18 ವೋಲ್ಟ್ ಕಳಿಸಿ ತನಗೆ ಯಾವ ಗುಂಪಿನ ಚಾನೆಲ್ ಬೇಕು ಎಂದು ಹೇಳುತ್ತದೆ. ಎರಡು ಬಾಕ್ಸ್ ಒಂದೇ ತಂತಿಯಲ್ಲಿ ಬೇರೆ ಬೇರೆ ಹೇಳಿದರೆ ಒಂದರಲ್ಲಿ ಚಾನೆಲ್‌ಗಳು ಮಾಯ. ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ, ಪ್ರತಿ ಟಿವಿಗೂ ಬೇರೆ ಕೇಬಲ್ ಬೇಕು. ಆಂಟೆನಾ ಮತ್ತು ಕೇಬಲ್ ಟಿವಿಗೆ ಸ್ಪ್ಲಿಟರ್ ನಡೆಯುತ್ತದೆ, ಆದರೆ ಎರಡು ಕವಲು ಮಾಡಿದ ಕೂಡಲೇ ಪ್ರತಿ ಕವಲಿಗೆ ಅರ್ಧಕ್ಕಿಂತ ಕಮ್ಮಿ ಸಿಗ್ನಲ್ ಸಿಗುತ್ತದೆ.

ಬ್ರಾಡ್‌ಬ್ಯಾಂಡ್ ಕಂಪನಿಯೇ ಕೊಡುವ ಐಪಿಟಿವಿ: ಚಾನೆಲ್‌ಗಳು ಅದೇ ಫೈಬರ್‌ನಲ್ಲಿ ಬರುತ್ತವೆ. ಬಾಕ್ಸ್‌ಗೆ ಲ್ಯಾನ್ ಕೇಬಲ್ ಕೊಟ್ಟರೆ ಸಲೀಸು. ವೈಫೈಯಲ್ಲಿ ಓಡಿಸಿದರೆ ಚಿತ್ರ ಆಗಾಗ ಚೌಕ ಚೌಕವಾಗಿ ಒಡೆಯುವುದು ಸಾಮಾನ್ಯ. ಬರೀ ಆ್ಯಪ್‌ಗಳಲ್ಲೇ ಎಲ್ಲ ನೋಡುವವರಿಗೆ ಬೇರೆ ಟಿವಿ ಕನೆಕ್ಷನ್ ಬೇಕೇ ಇಲ್ಲ.

ಹಂತ 4: ನಕ್ಷೆಯಲ್ಲಿ ಮೂರು ಗುರುತು ಹಾಕಿ

ತಂತಿ ಒಳಗೆ ಬರುವ ಜಾಗ, ರೂಟರ್ ಇಡುವ ಜಾಗ, ಟಿವಿ ಇರುವ ಗೋಡೆ. ಮೊದಲನೆಯದೂ ಎರಡನೆಯದೂ ಒಂದೇ ಆಗಬೇಕಿಲ್ಲ. ಫೈಬರ್‌ನ ಬೆಳಕನ್ನು ಇಂಟರ್ನೆಟ್ ಆಗಿ ಬದಲಿಸುವ ಓಎನ್‌ಟಿ ಪೆಟ್ಟಿಗೆ ಮೂಲೆಯಲ್ಲಿದ್ದರೆ ಚಿಂತೆಯಿಲ್ಲ. ರೂಟರ್ ಮಾತ್ರ ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇರಬೇಕು. ಎರಡರ ನಡುವೆ ಒಂದು ಕ್ಯಾಟ್ 6 ಕೇಬಲ್ ಎಳೆದರಾಯಿತು.

ಚೆನ್ನಾಗಿ ಕಾಣಲ್ಲ ಎಂದು ರೂಟರನ್ನು ಟಿವಿ ಹಿಂದೆ, ಕಬ್ಬಿಣದ ಬೀರುವಿನೊಳಗೆ, ಕರೆಂಟ್ ಮೀಟರ್ ಪೆಟ್ಟಿಗೆಯಲ್ಲಿ ಬಚ್ಚಿಡಬೇಡಿ. ಲೋಹ ವೈಫೈಯನ್ನು ತಡೆಯುತ್ತದೆ, ಮುಚ್ಚಿದ ಜಾಗದಲ್ಲಿ ಬಿಸಿಯಾಗಿ ಪೆಟ್ಟಿಗೆಯೇ ಕೈಕೊಡುತ್ತದೆ. ರೂಟರ್ ಜಾಗದಲ್ಲಿ ಕನಿಷ್ಠ ಮೂರು, ಟಿವಿ ಹಿಂದೆ ಕನಿಷ್ಠ ನಾಲ್ಕು ಪ್ಲಗ್ ಪಾಯಿಂಟ್ ಹಾಕಿಸಿ. ಟಿವಿ, ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್ ಸೇರಿದರೆ ಮೂರು ಅಲ್ಲೇ ಮುಗಿಯಿತು, ಅಲ್ವಾ?

ಹಂತ 5: ಗೋಡೆ ಮುಚ್ಚುವ ಮುಂಚೆ ಪೈಪು, ಕೇಬಲ್

ನಾಳೆ ಪ್ಲ್ಯಾನ್ ಬದಲಿಸಬಹುದು, ರೂಟರ್ ಬದಲಿಸಬಹುದು. ಗಾರೆ ಬಳಿದ ಮೇಲೆ ಗೋಡೆಯೊಳಗಿನ ತಂತಿ ಬದಲಿಸುವುದು ಕಷ್ಟ. ಆದ್ದರಿಂದ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಈ ಹಂತಕ್ಕೆ.

ಪ್ರತಿ ಪಾಯಿಂಟ್‌ನಿಂದಲೂ ಒಂದೇ ಜಾಗಕ್ಕೆ ಕೇಬಲ್ ಬರಲಿ. ಒಂದು ರೂಮಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಸರಪಳಿ ಮಾಡಿದರೆ ಲ್ಯಾನ್ ಕೆಲಸ ಮಾಡುವುದಿಲ್ಲ. ಎಲೆಕ್ಟ್ರಿಷಿಯನ್‌ಗಳು ಸ್ವಿಚ್ ಬೋರ್ಡ್ ಅಭ್ಯಾಸದಲ್ಲಿ ಹೀಗೆ ಮಾಡಿಬಿಡುವುದುಂಟು. ಮೊದಲೇ ಹೇಳಿ.

ಟಿವಿ ಗೋಡೆಗೆ ಎರಡು ಕ್ಯಾಟ್ 6, ಒಂದು ಆರ್‌ಜಿ-6 ಕೋಆಕ್ಸಿಯಲ್. ಡಿಶ್ ಬೇಡ ಎಂದು ಇವತ್ತು ಅನ್ನಿಸಿದರೂ ತಾರಸಿಯಿಂದ ಟಿವಿ ತನಕ ಖಾಲಿ ಪೈಪು ಒಂದಿರಲಿ, ಒಳಗೆ ಎಳೆಯುವ ದಾರವನ್ನೂ ಬಿಡಿ. ಓದುವ ಅಥವಾ ಕೆಲಸ ಮಾಡುವ ಮೇಜಿಗೆ ಒಂದು ಕ್ಯಾಟ್ 6. ದೊಡ್ಡ ಮನೆಯಾದರೆ ಪ್ರತಿ ಮಹಡಿಯ ಸೀಲಿಂಗ್ ನಡುವೆಯೂ ಒಂದು, ಮುಂದೆ ವೈಫೈ ಆ್ಯಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದ ಇಂಟರ್ನೆಟ್ಟನ್ನು ಅಲ್ಲಿ ವೈಫೈಯಾಗಿ ಹರಡುವ ಪೆಟ್ಟಿಗೆ) ಹಾಕಲು. ಹೊರಗಿನ ಗೋಡೆಯಿಂದ ಓಎನ್‌ಟಿ ಜಾಗಕ್ಕೆ ಬೇರೆಯೇ ಒಂದು ಪೈಪು. ಪೈಪಿನ ಹೊರಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ಮಳೆನೀರು ಕೇಬಲ್ ಹಿಡಿದು ಸೀದಾ ಒಳಗೆ ಬರುತ್ತದೆ.

ಕರೆಂಟ್ ವೈರ್ ಹೋಗುವ ಪೈಪಿನಲ್ಲಿ ಲ್ಯಾನ್, ಟಿವಿ ಕೇಬಲ್ ಯಾವತ್ತೂ ತೂರಿಸಬೇಡಿ. ಸಿಗ್ನಲ್ ಕೆಡುವುದು ಚಿಕ್ಕ ವಿಷಯ. ಕರೆಂಟ್ ವೈರ್‌ನ ಹೊದಿಕೆ ಸುಲಿದರೆ ನಿಮ್ಮ ಟಿವಿ, ರೂಟರ್ ಮುಟ್ಟಿದವರಿಗೂ ಅಪಾಯ. ಪೈಪಿಗೆ 90 ಡಿಗ್ರಿಯ ಚೂಪು ಮೂಲೆ ಬೇಡ, ಅಗಲವಾದ ತಿರುವು ಕೊಡಿ. ಫೈಬರ್ ಒಳಗಿರುವುದು ಗಾಜು. ಅದನ್ನು ತೀರಾ ಮಡಚಿದರೆ ಬೆಳಕು ಹೊರಗೆ ಸೋರುತ್ತದೆ, ಕೆಲವೊಮ್ಮೆ ಎಳೆ ಮುರಿದೇ ಹೋಗುತ್ತದೆ. ಮೂರು ಸೆಂಟಿಮೀಟರ್ ತ್ರಿಜ್ಯಕ್ಕಿಂತ ಚಿಕ್ಕ ತಿರುವು ಇಲ್ಲದಿದ್ದರೆ ಮನೆಗೆ ಬರುವ ಸಾಮಾನ್ಯ ಫೈಬರ್‌ಗೆ ತೊಂದರೆಯಿಲ್ಲ.

ಲ್ಯಾನ್ ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬಹಳ ಓಡಾಡುತ್ತಿದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅದು ಬೇಗ ಮುರಿಯುತ್ತದೆ, ಕೇಬಲ್ ಮೂಲಕವೇ ಕರೆಂಟ್ ಪಡೆಯುವ ಕ್ಯಾಮೆರಾ ಹಾಕಿದರೆ ಬಿಸಿಯಾಗುತ್ತದೆ. ಲ್ಯಾನ್ ಕೇಬಲ್‌ನ ಮಿತಿ 100 ಮೀಟರ್, ಮನೆಯೊಳಗೆ ಅದು ತಲೆನೋವೇ ಅಲ್ಲ.

ಎಳೆದ ಪ್ರತಿ ಕೇಬಲ್‌ನ ಎರಡೂ ತುದಿಗೆ ಲೇಬಲ್ ಅಂಟಿಸಿ. ಗಾರೆ ಬಳಿಯುವ ಮುಂಚೆ ಟೆಸ್ಟರ್ ಹಾಕಿ ಎಂಟೂ ಎಳೆ ನೋಡಿ. ಪೈಪುಗಳ ಫೋಟೊ ತೆಗೆದಿಡಿ. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಮನೆ ಆಗಲೇ ಮುಗಿದಿದ್ದರೆ, ಬಾಡಿಗೆಯದಾದರೆ? ಗೋಡೆಯ ಬುಡದಲ್ಲಿ ಚಪ್ಪಟೆ ಕೇಸಿಂಗ್ ಹಾಕಿ ಕೇಬಲ್ ಒಯ್ಯಿರಿ. ಹಳೇ ಕೋಆಕ್ಸಿಯಲ್ ಗೋಡೆಯಲ್ಲಿದ್ದರೆ ಮೋಕಾ ಅಡಾಪ್ಟರ್ ಹಾಕಿ ಅದರಲ್ಲೇ ಲ್ಯಾನ್ ಓಡಿಸಬಹುದು, ಫಲಿತಾಂಶ ಚೆನ್ನಾಗಿರುತ್ತದೆ. ಕರೆಂಟ್ ಪ್ಲಗ್‌ಗೆ ಚುಚ್ಚಿ ಮನೆಯ ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಕೊನೆಯ ಆಯ್ಕೆ. ಮನೆಯ ವೈರಿಂಗ್ ಹೇಗಿದೆ ಎನ್ನುವುದರ ಮೇಲೆ ಅದರ ಹಣೆಬರಹ.

ಹಂತ 6: ಈಗ ಪ್ಲ್ಯಾನ್, ಕರಾರು

ಇಲ್ಲಿಗೆ ಬರುವಷ್ಟರಲ್ಲಿ ನಿಮ್ಮ ಮುಂದೆ ಎರಡೋ ಮೂರೋ ಆಯ್ಕೆ ಉಳಿದಿರುತ್ತವೆ. ತಿಂಗಳ ದರ ಮಾತ್ರ ಹೋಲಿಸಬೇಡಿ. ರಿಯಾಯಿತಿ ಅವಧಿ ಮುಗಿದ ಮೇಲಿನ ದರ, ಕೂರಿಸುವ ಶುಲ್ಕ, ಪೆಟ್ಟಿಗೆಗೆ ಠೇವಣಿ ಇದೆಯಾ, ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು, ಡೇಟಾ ಮಿತಿ ದಾಟಿದರೆ ವೇಗ ಎಷ್ಟಕ್ಕೆ ಇಳಿಯುತ್ತದೆ: ಇಷ್ಟನ್ನೂ ಕೇಳಿ. ಟಿವಿ ಸೇರಿಸಿದ ಪ್ಯಾಕೇಜ್ ಅಗ್ಗ ಅನ್ನಿಸಿದರೆ, ನೀವು ನಿಜವಾಗಿ ನೋಡುವ ಚಾನೆಲ್, ಆ್ಯಪ್ ಮಾತ್ರ ಬರೆದು ಬೇರೆ ಬೇರೆ ಕೊಂಡರೆ ಎಷ್ಟಾಗುತ್ತದೆ ಎಂದು ಕೂಡಿಸಿ ನೋಡಿ.

ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ. ವರ್ಷದ್ದು ಒಟ್ಟಿಗೆ ಕಟ್ಟುವ ಆತುರ ಬೇಡ. ಮನೆ ಬದಲಿಸುತ್ತಿದ್ದರೆ ಹೊಸದು ಸರಿಯಾಗಿ ನಡೆಯುವ ತನಕ ಹಳೇ ಕನೆಕ್ಷನ್ ಕಡಿಸಬೇಡಿ. ಕಡಿಸುವಾಗ ಹಳೇ ಪೆಟ್ಟಿಗೆ ಹಿಂದಿರುಗಿಸಿದ ರಸೀದಿ ಇಟ್ಟುಕೊಳ್ಳಿ.

ಹಂತ 7: ತಂತ್ರಜ್ಞರು ಬಂದ ದಿನ

ಅವರು ಹೊರಡುವ ಮುಂಚೆ ನೋಡಬೇಕಾದವು ಇವು. ಓಎನ್‌ಟಿಗೆ ಬರುವ ಬೆಳಕಿನ ಮಟ್ಟ ಎಷ್ಟು ಎಂದು ಕೇಳಿ. ಮೈನಸ್ 15ರಿಂದ ಮೈನಸ್ 24 ಡಿಬಿಎಂ (ಬೆಳಕಿನ ಬಲದ ಅಳತೆ) ಆದರೆ ಒಳ್ಳೆಯದು. ಮೈನಸ್ 27ರ ಹತ್ತಿರ ಇದ್ದರೆ ಇವತ್ತು ನಡೆದರೂ ಆಗಾಗ ಕಡಿಯುತ್ತದೆ, ಜೋಡಣೆ ಮತ್ತೆ ಮಾಡಿಸಿ. ಹಸಿರು ಪ್ಲಗ್ ಹಸಿರಿಗೇ, ನೀಲಿ ನೀಲಿಗೇ. ತುದಿಯ ಆಕಾರ ಬೇರೆ ಇರುವುದರಿಂದ ಅದಲುಬದಲಾದರೆ ಬೆಳಕು ಸೋರುತ್ತದೆ. ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಮಕ್ಕಳನ್ನೂ ದೂರ ಇಡಿ. ಅದರಲ್ಲಿ ಹೋಗುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಆಮೇಲೆ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿ. ವೈಫೈಯಲ್ಲಿ ಅಲ್ಲ, ತಂತಿಯಲ್ಲಿ. 300ರ ಪ್ಲ್ಯಾನ್‌ಗೆ 94ರ ಆಸುಪಾಸಿನಲ್ಲೇ ನಿಂತುಬಿಟ್ಟರೆ ತಪ್ಪು ಕಂಪನಿಯದ್ದಲ್ಲದಿರಬಹುದು. ಕೇಬಲ್‌ನ ನಾಲ್ಕು ಜೋಡಿ ಎಳೆಗಳಲ್ಲಿ ಒಂದು ಕಡಿದಿದ್ದರೂ ಸಂಪರ್ಕ 100 ಎಂಬಿಪಿಎಸ್‌ಗೆ ಇಳಿಯಬಹುದು. ಮೊದಲು ಕೇಬಲ್ ಬದಲಿಸಿ ನೋಡಿ.

ಹೊರಗಿನಿಂದ ಮನೆಯ ಕಂಪ್ಯೂಟರ್ ಅಥವಾ ಕ್ಯಾಮೆರಾಗೆ ನೇರವಾಗಿ ಸಂಪರ್ಕಿಸುವ ಆಸೆ ಇದ್ದರೆ ರೂಟರ್‌ಗೆ ಸಿಕ್ಕಿದ ಐಪಿ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾದರೆ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ನಿಮ್ಮ ಮನೆಗೇ ಎಂದು ಬೇರೆ ವಿಳಾಸ ಕಂಪನಿಯನ್ನು ಕೇಳಬೇಕಾಗುತ್ತದೆ. ಉಳಿದವರು ಇದನ್ನು ಮರೆತುಬಿಡಿ.

ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಮತ್ತು ವೈಫೈ ಪಾಸ್‌ವರ್ಡ್ ಎರಡನ್ನೂ ಆವತ್ತೇ ಬದಲಿಸಿ. ಭದ್ರತೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಕರೆಂಟ್ ಬ್ಯಾಕಪ್ ಕೊಡುವುದಾದರೆ ಓಎನ್‌ಟಿ, ರೂಟರ್ ಎರಡಕ್ಕೂ ಕೊಡಬೇಕು. ಒಂದಕ್ಕೆ ಮಾತ್ರ ಕೊಟ್ಟು ವೈಫೈ ಇದೆ, ಇಂಟರ್ನೆಟ್ ಇಲ್ಲ ಎಂದು ತಲೆ ಕೆರೆದುಕೊಳ್ಳುವವರು ಬಹಳ.

ಹಂತ 8: ವೈಫೈ ಕೊನೆಗೆ

ತಂತಿಯಲ್ಲಿ ಪೂರ್ತಿ ವೇಗ ಬಂದ ಮೇಲೆಯೇ ವೈಫೈ ಮುಟ್ಟಿ. ರೂಮಿನಿಂದ ರೂಮಿಗೆ ಫೋನ್ ಹಿಡಿದು ಅಳೆದು, ಅಂಕಿಗಳನ್ನು ನಕ್ಷೆಯ ಮೇಲೆ ಬರೆಯಿರಿ. ವೈಫೈಯ 5 ಗಿಗಾಹರ್ಟ್ಸ್ ತರಂಗಕ್ಕೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಮ್ಮಿ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳೂ ಅಲ್ಲೇ ಇರುತ್ತವೆ. ಅದರಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಯಾವುದು ಖಾಲಿ ಇದೆ ಎಂದು ಅನಲೈಸರ್ ಆ್ಯಪ್‌ನಲ್ಲಿ ನೋಡಿ ಅದಕ್ಕೆ ಹಾಕಿ.

ಮೂಲೆಯ ರೂಮಿಗೆ ಬರುತ್ತಿಲ್ಲವೆಂದರೆ ರಿಪೀಟರ್ ಕೊಳ್ಳಲು ಓಡಬೇಡಿ. ಒಂದೇ ರೇಡಿಯೊ ಇರುವ ರಿಪೀಟರ್ ಕೇಳಿಸಿಕೊಂಡು ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಐದನೇ ಹಂತದಲ್ಲಿ ಎಳೆದ ಕ್ಯಾಟ್ 6 ಇದ್ದರೆ ಆ ತುದಿಗೆ ಆ್ಯಕ್ಸೆಸ್ ಪಾಯಿಂಟ್ ಅಥವಾ ಮೆಶ್ ಪೆಟ್ಟಿಗೆ ತಂತಿಯಲ್ಲೇ ಜೋಡಿಸಿ. ಕಂಪನಿ ಕೊಟ್ಟ ಪೆಟ್ಟಿಗೆಯ ಜೊತೆ ನಿಮ್ಮದೇ ರೂಟರ್ ಇಟ್ಟರೆ ಕಂಪನಿಯದ್ದನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಇಂಟರ್ನೆಟ್ಟನ್ನು ಬರೀ ದಾಟಿಸುವ ಸ್ಥಿತಿ) ಹಾಕಿಸಿ, ಅದರ ವೈಫೈ ಆಫ್ ಮಾಡಿ. ಟಿವಿ, ಮೇಜಿನ ಕಂಪ್ಯೂಟರ್‌ನಂಥ ಕದಲದ ವಸ್ತುಗಳಿಗೆ ತಂತಿಯೇ ಇರಲಿ. ಬಹಳ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದೇ ಆಗಿರುತ್ತದೆ. ಗಾಬರಿ ಬೇಡ, 4ಕೆಗೆ ಅದು ಧಾರಾಳ.

ಕೆಟ್ಟಾಗ ಏನು ನೋಡಬೇಕು

ಓಎನ್‌ಟಿಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಉರಿದರೆ ಬೆಳಕು ಬರುತ್ತಿಲ್ಲ. ಮನೆಯೊಳಗಿನ ಫೈಬರ್ ಎಲ್ಲಾದರೂ ಮಡಚಿದೆಯಾ, ಪೀಠೋಪಕರಣದ ಕೆಳಗೆ ಸಿಕ್ಕಿದೆಯಾ ನೋಡಿ, ಇಲ್ಲದಿದ್ದರೆ ಫೋನ್ ಮಾಡಿ. ರೂಟರ್ ರೀಸೆಟ್ ಮಾಡಿದರೆ ಇದು ಸರಿಹೋಗದು, ಇರುವ ಸೆಟ್ಟಿಂಗ್ ಮಾತ್ರ ಅಳಿಸಿಹೋಗುತ್ತದೆ. ರಾತ್ರಿ ಮಾತ್ರ ನಿಧಾನವಾದರೆ ಹಂಚಿಕೆಯ ಜಾಲ ತುಂಬಿದೆ. ಒಂದೇ ರೂಮಿನಲ್ಲಿ ನಿಧಾನವಾದರೆ ಅದು ವೈಫೈ. ಮಳೆ ಬಂದಾಗ ಮಾತ್ರ ಕೈಕೊಡುವ ಡಿಎಸ್‌ಎಲ್ ಅಥವಾ ಕೋಆಕ್ಸಿಯಲ್ ಆದರೆ ಹೊರಗಿನ ಯಾವುದೋ ಜೋಡಣೆಗೆ ನೀರು ಹೋಗಿದೆ.

ದೂರು ಕೊಡುವಾಗ ‘ನಿಧಾನ ಇದೆ’ ಎಂದಷ್ಟೇ ಹೇಳಬೇಡಿ. ತಂತಿಯಲ್ಲಿ ಅಳೆದ ಅಂಕಿ, ಅಳೆದ ಹೊತ್ತು, ಯಾವ ದೀಪ ಯಾವ ಬಣ್ಣದಲ್ಲಿತ್ತು ಎಂದು ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಸುತ್ತು ಅಲ್ಲಿಗೆ ತಪ್ಪುತ್ತದೆ.